ಘಟ್ಟದ ಕಾಳು

"ಈ ಸಲ ಘಟ್ಟ ಯಾರು ಹಾಕೋದು?"

ರೊಟ್ಟಿ ಮುರಿಯುತ್ತಾ ಸಿದ್ದರಾಮೇಶ್ ಕೇಳಿದ್ದು ಇಷ್ಟೇ. ತಾಯಿ ಕೊಟ್ರಮ್ಮ ಪಲ್ಯದ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

"ಯಾಕ, ನನ್ನ ಕೈ ಬಿದ್ದು ಹೋಗ್ಯಾವೇನು?"

ಬಾಯಿ ಬಿಟ್ಟವಳು ಮಗಳು ಉಷಾರಾಣಿ. ಅವಳನ್ನು ರಾಯದುರ್ಗದಲ್ಲೇ ಕೊಟ್ಟಿತ್ತು, ಎರಡು ಓಣಿ ಆಚೆ. ದಿನಕ್ಕೊಮ್ಮೆ ತವರಿನ ಹೊಸ್ತಿಲು ತುಳಿಯದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಸಿಟ್ಟು ಮಾಡಬ್ಯಾಡಮ್ಮ. ಅಪ್ಪ ಹೋಗಿ ಒಂದೂವರಿ ವರ್ಷ ಆತು. ಘಟ್ಟ ಮುತ್ತೈದಿ ಕೈಯಿಂದನ ಬೀಳಬೇಕು ಅಂತ ಹೇಳಿದಾಕಿ ನೀನ. ದೊಡ್ಡಮ್ಮನ ಕೈಯಾಗಿನ ತಾಟು ಕಸಗಂಡಾಕಿನೂ ನೀನ. ಓಣಿ ಮಂದಿ ಮರ್ತಿಲ್ಲ."

ಹಿಂದಿನ ಪಡಸಾಲೆಯಲ್ಲಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಬೊಮ್ಮಕ್ಕನ ಕತ್ತರಿ ಒಂದು ಗಳಿಗೆ ನಿಂತು ಮತ್ತೆ ನಡೆಯಿತು. ಅವಳು ಕೊಟ್ರಮ್ಮನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಇಪ್ಪತ್ತಾರು ವರ್ಷದ ಹಿಂದೆ ಅವಳ ಗಂಡ ತೀರಿಹೋದ ಮೇಲೆ ಬಂದ ಮೊದಲ ನವರಾತ್ರಿಗೆ, ಕಾಳಿನ ತಾಟು ಹಿಡಿದು ದೇವರ ಮನೆಗೆ ಕಾಲಿಡುತ್ತಿದ್ದವಳನ್ನು ಕೊಟ್ರಮ್ಮ ಹೊಸ್ತಿಲಲ್ಲೇ ತಡೆದಿದ್ದಳು. 'ಇನ್ನ ಸಾಕು ಬಿಡಕ್ಕ' ಎಂದು ತಾಟು ಈಸಿಕೊಂಡಿದ್ದಳು. ಆವತ್ತಿನಿಂದ ಬೊಮ್ಮಕ್ಕ ಹಿಂದಿನ ಪಡಸಾಲೆ ಬಿಟ್ಟು ದೇವರ ಮನೆಯ ಕಡೆಗೆ ಬಂದವಳಲ್ಲ.

ಘಟ್ಟವೆಂದರೆ ಆ ಮನೆಗೆ ವರ್ಷದ ಲೆಕ್ಕ. ನವರಾತ್ರಿಯ ಮೊದಲ ದಿನ ಜಗಲಿಯ ಮೇಲೆ ಮುತ್ತುಗದ ಎಲೆ ಹಾಸಿ, ಹುತ್ತದ ಮಣ್ಣು ಹರಡಿ, ಐದು ಥರದ ಕಾಳು ಬಿತ್ತಬೇಕು. ನಡುವೆ ತುಂಬಿದ ಕೊಡ, ಅದರ ತೆಂಗಿನಕಾಯಿಗೆ ದೇವಿಯ ಬೆಳ್ಳಿ ಮುಖ. ಹತ್ತನೆಯ ದಿನಕ್ಕೆ ಸಸಿ ಗೇಣುದ್ದ ಎದ್ದು ನಿಂತರೆ ಮನೆ ತಂಪು. ಹೋದ ವರ್ಷ ಸಾವಿನ ಮನೆಯೆಂದು ಘಟ್ಟ ಹಾಕಿರಲಿಲ್ಲ. ಈ ವರ್ಷ ಬಿಡುವಂತಿರಲಿಲ್ಲ.

"ಹಂಗಾದ್ರ ಈಕಿ ಹಾಕಲಿ" ಎಂದಳು ಕೊಟ್ರಮ್ಮ, ಒಲೆಯ ಮುಂದಿದ್ದ ಸೊಸೆಯ ಕಡೆ ನೋಡದೆ. "ಆರು ವರ್ಷ ಆತು ಬಂದು. ಒಂದು ಕೂಸಿಲ್ಲ. ದೇವೀನ ಹೇಳ್ಲಿ, ಈಕಿ ಈ ಮನಿಗೆ ಬೇಕೋ ಬ್ಯಾಡೋ. ಘಟ್ಟ ಎದ್ರ ಇರಲಿ. ಏಳಲಿಲ್ಲ ಅಂದ್ರ ಉಷಾ ಹೇಳಿದ್ದ ಬಳ್ಳಾರಿ ಹುಡುಗೀನ ನೋಡಾಕ ಹೋಗೋಣು."

ಸುಮಾ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಸಿದ್ದರಾಮೇಶ್ ತಾಟಿನಲ್ಲಿದ್ದ ಪಲ್ಯವನ್ನು ಬೆರಳಿನಿಂದ ಈ ಕಡೆಯಿಂದ ಆ ಕಡೆಗೆ ಸರಿಸಿದ.

"ಏನಂತೀಯೋ?" ಎಂದಳು ಅಕ್ಕ ಉಷಾರಾಣಿ.

"ಅಮ್ಮ ಹೇಳಿದಂಗ ಆಗ್ಲಿ" ಎಂದ ಅವನು. "ಹಬ್ಬ ಮುಗೀಲಿ ಮೊದ್ಲು. ಮಿಷನ್ನಿನ ಹುಡುಗ್ರು ಕಾಯಾಕತ್ಯಾರ, ನಾ ಹೋಗ್ಬೇಕು."

ಅವನು ಕೈ ತೊಳೆದು ಚಪ್ಪಲಿ ಮೆಟ್ಟಿದ. ಮನೆಯ ಪಕ್ಕದ ಶೆಡ್ಡಿನಲ್ಲಿ ಅವನದು ಆರು ಮಿಷನ್ನಿನ ಪ್ಯಾಂಟು ಹೊಲಿಯುವ ಕೆಲಸ. ಶೆಡ್ಡು ಹತ್ತು ಹೆಜ್ಜೆ ದೂರವಿದ್ದರೂ ಅವನು ಓಡಿಯೇ ಹೋದ.

ಸುಮಾ ದಕ್ಷಿಣಕ್ಕಿರುವ ರೊಳ್ಳ ಊರಿನ ಕಡೆಯ ರೈತರ ಮನೆಯ ಹುಡುಗಿ. ಬಂದ ವರ್ಷವೇ ಅವಳ ಮಾತು ಈ ಮನೆಯವರ ನಗೆಗೆ ವಸ್ತುವಾಗಿತ್ತು. 'ಊಟಕ್ಕಿಕ್ಲಾ?' ಎಂದು ಅವಳು ಕೇಳಿದರೆ ಕೊಟ್ರಮ್ಮ ಬಂದವರೆದುರಿಗೇ 'ಇಕ್ತಾಳಂತ ನೋಡ್ರಿ, ದನಕ್ಕ ಹುಲ್ಲು ಇಕ್ಕಿದಂಗ' ಎನ್ನುತ್ತಿದ್ದಳು. ಮೂರನೆಯ ವರ್ಷ ಮೂರು ತಿಂಗಳ ಬಸಿರು ನಿಲ್ಲದೆ ಹೋದ ಮೇಲೆ ಆ ನಗೆಯೂ ನಿಂತಿತ್ತು. ಈಗ ಬರೀ ಕೆಲಸದ ಮಾತು.

ಮರುದಿನ ಪಾತ್ರೆ ತಿಕ್ಕುತ್ತಾ ಸುಮಾ ಕೇಳಿದಳು: "ಅತ್ತೆ, ಮಣ್ಣು ಎಷ್ಟು ದಪ್ಪ ಇರ್ಬೇಕು? ನೀರು ದಿನಕ್ಕೆ ಎಷ್ಟು ಸಲ ಚಿಮುಕಿಸ್ಬೇಕು?"

"ನನಗೇನು ಗೊತ್ತು? ನಾನು ರಂಡಿ. ಮುತ್ತೈದೇರ್ನ ಕೇಳು."

"ಇಪ್ಪತ್ತೈದು ವರ್ಷ ಹಾಕಿದೋರು ನೀವೇ ಅಲ್ವಾ?"

"ಹಾಕಿದ್ದೆ. ಕೈಯಾಗ ಬಳಿ ಇದ್ವು, ಹಾಕಿದ್ದೆ. ಈಗ ಮರ್ತು ಹೋತು."

ಸುಮಾ ಮತ್ತೆ ಕೇಳಲಿಲ್ಲ. ಫೋನಿನಲ್ಲಿ ಅವ್ವನನ್ನು ಕೇಳಿದಳು, ಬಳೆ ಅಂಗಡಿಯವಳನ್ನು ಕೇಳಿದಳು. ಕೊನೆಗೆ, ದಾರ ಕತ್ತರಿಸಲು ಪ್ಯಾಂಟಿನ ಗಂಟು ತಂದು ಹಾಕುವ ನೆಪದಲ್ಲಿ ಬೊಮ್ಮಕ್ಕನ ಹತ್ತಿರ ಕೂತಳು.

"ನಾಕು ಬಳ್ಳು ದಪ್ಪ" ಎಂದಳು ಬೊಮ್ಮಕ್ಕ, ತಲೆಯೆತ್ತದೆ. "ನೀರು ಕೈಯಿಂದ ಚಿಮುಕಿಸ್ಬೇಕು, ಸುರೀಬಾರ್ದು. ಸುರಿದ್ರ ಕಾಳು ಕೊಳೀತಾವ. ಮತ್ತ ಘಟ್ಟ ಬಿದ್ದ ಮ್ಯಾಲೆ ಒಂಬತ್ತು ದಿನ ಮನ್ಯಾಗ ಏನೂ ಹುರಿಯಂಗಿಲ್ಲ, ಕರಿಯಂಗಿಲ್ಲ, ಒಗ್ಗರಣಿ ಇಲ್ಲ. ಒಲಿ ಮ್ಯಾಲೆ ಕಾಳು ಚಟ್ ಅಂದ್ರ ಮಣ್ಣಾಗಿನ ಕಾಳಿಗೆ ಬಿಸಿ ತಟ್ತೈತಿ ಅಂತಾರ."

"ಕಾಳು?"

"ಬೀಜದ ಡಬ್ಬಿ ನಿಮ್ಮತ್ತಿ ಹತ್ರ ಐತಿ. ಅದು ಮಾತ್ರ ನಾ ಕೊಡಂಗಿಲ್ಲವ್ವ."

ಅಮಾವಾಸ್ಯೆಯ ಹಿಂದಿನ ದಿನ ಮನೆಯಲ್ಲಿ ಹುರಿಯುವ ಹಬ್ಬವೇ ನಡೆಯಿತು. ಒಂಬತ್ತು ದಿನ ಒಲೆಗೆ ಬಾಣಲೆ ಇಡುವಂತಿಲ್ಲವಾದ್ದರಿಂದ ಶೇಂಗಾ, ಚಟ್ನಿಪುಡಿಗೆ ಕಡಲೆಬೇಳೆ, ಅಗಸೆ ಎಲ್ಲವನ್ನೂ ಆವತ್ತೇ ಹುರಿದಿಟ್ಟುಕೊಳ್ಳಬೇಕು. ಗಂಡ ತೀರಿದ ಮೇಲೆ ಅಡುಗೆ ಮನೆಯನ್ನೇ ಬಿಟ್ಟಿದ್ದ ಕೊಟ್ರಮ್ಮ ಅಂದು ತಾನಾಗಿಯೇ ಒಲೆಯ ಮುಂದೆ ಕೂತಳು.

"ನೀ ಗಿರಣಿಗೆ ಹೋಗಿ ಜ್ವಾಳ ಬೀಸ್ಕೊಂಡು ಬಾ. ಇದು ನಾ ಮಾಡ್ತೀನಿ."

ಸುಮಾಳಿಗೆ ಆಶ್ಚರ್ಯವೂ ಆಯಿತು, ಸ್ವಲ್ಪ ಸಂತೋಷವೂ ಆಯಿತು. ಗಿರಣಿಯಿಂದ ಬರುವಾಗ ಮನೆ ತುಂಬ ಶೇಂಗಾದ ಘಮ. ಕೊಟ್ರಮ್ಮ ಬೀಜದ ಡಬ್ಬಿಯನ್ನು ಅವಳ ಮುಂದಿಟ್ಟಳು. ಹಳೆಯ ಹಿತ್ತಾಳೆಯ ಡಬ್ಬಿ, ಮುಚ್ಚಳ ಬಿಗಿ.

"ತಗಾ. ಹಾಕು. ದೇವಿ ನಿನ್ನ ಕೈ ನೋಡ್ಲಿ."

ಪಾಡ್ಯದ ಬೆಳಿಗ್ಗೆ ಸುಮಾ ತಲೆಗೆ ಎರೆದುಕೊಂಡು ಘಟ್ಟ ಹಾಕಿದಳು. ಜೋಳ, ಗೋಧಿ, ಸಜ್ಜೆ, ಹೆಸರು, ಹುರುಳಿ. ನಾಲ್ಕು ಬೆರಳು ಮಣ್ಣು. ಬೆಳ್ಳಿ ಮುಖವನ್ನು ತೆಂಗಿನಕಾಯಿಗೆ ಕಟ್ಟುವಾಗ ದಾರ ಎರಡು ಸಲ ಜಾರಿತು. ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂತಿದ್ದ ಕೊಟ್ರಮ್ಮ, "ಮೂಗು ಎಡಕ್ಕ ವಾಲೈತಿ. ದೇವಿಗೂ ಈಕಿ ಮುಖ ನೋಡಾಕ ಮನಸಿಲ್ಲ" ಎಂದಳು.

ಎರಡನೆಯ ದಿನ ಊಟದ ಹೊತ್ತಿಗೆ ಸಿದ್ದರಾಮೇಶ್ ಮುಖ ಹುಳ್ಳಗೆ ಮಾಡಿದ.

"ಏನ್ ಸಾರಿದು, ಆಸ್ಪತ್ರ್ಯಾಗ ಕೊಟ್ಟಂಗ ಐತಿ. ಒಂದು ನಾಕು ಸಾಸಿವಿ ಹಾಕಿದ್ರ ದೇವಿ ಎದ್ದು ಹೋಕ್ಕಾಳೇನು?"

"ನೀವೇ ನಿಮ್ಮಮ್ಮನ್ನ ಕೇಳಿ" ಎಂದಳು ಸುಮಾ.

"ಒಂಬತ್ತು ದಿನ ನಾಲಿಗಿ ಕಟ್ಕಣಾಕ ಆಗದೋನು ಗಂಡಸೇನಲೇ" ಎಂದಳು ತಾಯಿ. ಅವನು ಮೊಸರು ಸುರಿದುಕೊಂಡು ನುಂಗಿದ.

ಮೂರನೆಯ ದಿನ ಮಣ್ಣು ಹಾಗೆಯೇ ಇತ್ತು. ನಾಲ್ಕನೆಯ ದಿನವೂ ಹಾಗೆಯೇ. ಹೆಸರು ಎರಡೇ ದಿನಕ್ಕೆ ಮಣ್ಣು ಸೀಳುತ್ತದೆಂದು ಸುಮಾಳಿಗೆ ಗೊತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪರದೆ ಸರಿಸಿ ನೋಡಿದಳು. ಕೊಟ್ರಮ್ಮ ಮಣೆಯ ಮೇಲಿಂದಲೇ ಕೇಳುತ್ತಿದ್ದಳು: "ಎದ್ವೇನು?"

"ಇಲ್ಲ ಅತ್ತೆ."

"ಏಳ್ತಾವ, ಏಳ್ತಾವ. ಎಲ್ಲಿ ಹೋಗ್ತಾವ."

ಐದನೆಯ ದಿನ ಪಂಚಮಿ. ಆ ದಿನ ಓಣಿಯ ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ ಕೊಡುವುದು ರೂಢಿ. ಈ ಸಲ ಉಷಾರಾಣಿ ವಾಟ್ಸಾಪಿನಲ್ಲಿ ಹಾಕಿ ಹದಿನೇಳು ಮಂದಿಯನ್ನು ಕರೆದಿದ್ದಳು. ಅವರು ಒಬ್ಬೊಬ್ಬರಾಗಿ ದೇವರ ಮನೆಯೊಳಗೆ ಬಗ್ಗಿ ನೋಡಿದರು. ಬೆಳ್ಳಿ ಮುಖದ ಕೆಳಗೆ ಬೋಳು ಮಣ್ಣು.

"ಇದೇನ್ರಿ, ಒಂದು ಕಾಳೂ ಎದ್ದಿಲ್ಲ?" ಎಂದಳು ಕಿರಾಣಿ ಅಂಗಡಿಯ ರಾಧಾ.

"ನೀರು ಕಮ್ಮಿ ಆಗೈತೇನೋ" ಎಂದಳು ಇನ್ನೊಬ್ಬಳು, ಸುಮಾಳ ಮುಖ ನೋಡಿ.

ಉಷಾರಾಣಿ ತಟ್ಟೆಯಲ್ಲಿ ಬಳೆ ಜೋಡಿಸುತ್ತಾ ನಿಟ್ಟುಸಿರು ಬಿಟ್ಟಳು. "ನೀರಿನ ಮಾತಲ್ಲ ಬಿಡ್ರಿ. ಕೆಲವ್ರ ಕೈಗುಣ. ಆರು ವರ್ಷದಿಂದ ಹೊಟ್ಟೀನೂ ಬೋಳು, ಈಗ ಘಟ್ಟನೂ ಬೋಳು."

ಯಾರೋ ಕಿಸಕ್ಕನೆ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುಮಾ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಉಳಿದ ಒಂಬತ್ತು ಮಂದಿಗೆ ಕುಂಕುಮ ಹಚ್ಚಿ, ಬಾಳೆಹಣ್ಣು ಕೊಟ್ಟು, ಬಾಗಿಲ ತನಕ ಹೋಗಿ ಕಳಿಸಿ ಬಂದಳು.

"ಉಷಕ್ಕ" ಎಂದಳು ಬಂದು. "ಇನ್ನೊಂದು ಸಲ ನನ್ನ ಹೊಟ್ಟೆ ಮಾತು ಆಡಿದ್ರೆ ನಿಮ್ಮನ್ನ ಈ ಬಾಗ್ಲಿಂದ ಆಚೆಗೆ ಕಳಿಸ್ತೀನಿ."

"ಕೇಳ್ದೇನಮ್ಮ? ನನ್ನ ತವರಿಂದ ನನ್ನ ಹೊರಗ ಹಾಕ್ತಾಳಂತ!"

"ಹಾಕ್ಲಿ ಬಿಡು" ಎಂದಳು ಕೊಟ್ರಮ್ಮ. "ಇನ್ನ ಐದು ದಿನ. ಆಮ್ಯಾಲೆ ಯಾರು ಯಾರ್ನ ಹೊರಗ ಹಾಕ್ತಾರ ನೋಡೋಣು."

ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಉಷಾರಾಣಿಯ ಮನೆಗೆ ಹೋದರು. ಸುಮಾ ಇನ್ನೊಮ್ಮೆ ಬಿತ್ತಿ ನೋಡೋಣವೆಂದು ಬೀಜದ ಡಬ್ಬಿ ತೆಗೆದಳು. ತಳದಲ್ಲಿ ಒಂದು ಹಿಡಿ ಕಾಳು ಉಳಿದಿತ್ತು. ಬಿತ್ತನೆಯ ದಿನ ಅವಳ ಅಪ್ಪ ಚೀಲಕ್ಕೆ ಕೈ ಹಾಕಿ, ಮೊದಲು ಒಂದು ಕಾಳು ಕಚ್ಚಿ ನೋಡುತ್ತಿದ್ದ. ಅದೇ ಅಭ್ಯಾಸದಿಂದ ಅವಳೂ ಒಂದು ಹೆಸರುಕಾಳನ್ನು ಬಾಯಿಗೆ ಹಾಕಿ ಕಚ್ಚಿದಳು.

ಕಟ್ ಎಂದಿತು. ಪುಡಿಯಾಯಿತು. ಬಾಯಿ ತುಂಬ ಹುರಿದ ಘಮ.

ಇನ್ನೊಂದು ಕಚ್ಚಿದಳು. ಜೋಳ ಕಚ್ಚಿದಳು. ಹುರುಳಿ ಕಚ್ಚಿದಳು. ಎಲ್ಲವೂ ಬಣ್ಣ ತಿರುಗದ ಹಾಗೆ, ಸಣ್ಣ ಉರಿಯಲ್ಲಿ, ಗಮನವಿಟ್ಟು ಹುರಿದವು. ಅವಳು ಡಬ್ಬಿ ಹಿಡಿದು ಹಿಂದಿನ ಪಡಸಾಲೆಗೆ ಹೋಗಿ ಬೊಮ್ಮಕ್ಕನ ಅಂಗೈಗೆ ಕಾಳು ಸುರಿದಳು.

ಬೊಮ್ಮಕ್ಕನಿಗೆ ಇದ್ದದ್ದು ನಾಲ್ಕು ಹಲ್ಲು. ಒಂದು ಕಾಳನ್ನು ಅತ್ತಿತ್ತ ಹೊರಳಿಸಿ ಕೊನೆಗೆ ಕಚ್ಚಿದಳು. ಬಹಳ ಹೊತ್ತು ಅಗಿದಳು.

"ಮೂವತ್ತು ವರ್ಷ ದೇವಿ ಕಾಲಿಗೆ ಬಿದ್ದಾಕಿ" ಎಂದಳು. "ದೇವಿ ಬೀಜಾನ ಹಂಚಿನ ಮ್ಯಾಲೆ ಹಾಕ್ಯಾಳ."

"ಇವತ್ತು ಅವ್ರು ಬರ್ಲಿ, ಎಲ್ಲಾರ ಮುಂದೆ ಈ ಡಬ್ಬಿ ಸುರೀತೀನಿ."

"ಸುರಿ. 'ನಾ ಹುರಿದಿಲ್ಲ, ಈಕೀನ ಹುರಿದು ನನ್ನ ಮ್ಯಾಲೆ ಹಾಕ್ತಾಳ' ಅಂತಾಳ. ನಿನ್ನ ಗಂಡ ಯಾರ ಮಾತು ಕೇಳ್ತಾನ?"

ಪಕ್ಕದ ಶೆಡ್ಡಿನಲ್ಲಿ ಮಿಷನ್ನುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದವು.

"ಅಡಗಿ ಮನ್ಯಾಗ ಹೆಸರು ಐತಿಲ್ಲ?" ಎಂದಳು ಬೊಮ್ಮಕ್ಕ. "ಗಿರಣಿಗೆ ಹಾಕಿ ಉಳಿದ ಜ್ವಾಳ ಐತಿಲ್ಲ? ಗೋಧಿ? ಒಂದೊಂದು ಹಿಡಿ ತಗಂಬಾ. ನನ್ನ ಚೊಂಬಿನಾಗ ನೆನಿಲಿ. ನಾಳಿ ಬಟ್ಟ್ಯಾಗ ಕಟ್ಟಿಡ್ತೀನಿ. ಈ ಕಡೆ ಯಾರು ಬರ್ತಾರ ನೋಡಾಕ?"

"ನೀವು ಮುಟ್ಟಿದ್ದು..." ಸುಮಾ ಅರ್ಧಕ್ಕೇ ನಿಲ್ಲಿಸಿದಳು.

"ಏನು? ನಾ ಮುಟ್ಟಿದ್ದು ಮೊಳಕಿ ಬರಂಗಿಲ್ಲ ಅಂತೀಯೇನು?"

"ಅದಲ್ಲ ದೊಡ್ಡತ್ತೆ."

"ಅದ ಐತಿ. ಅಂದ್ಬಿಡು, ನನಗೇನು ಹೊಸದಲ್ಲ." ಬೊಮ್ಮಕ್ಕ ಕತ್ತರಿಯನ್ನು ಕೆಳಗಿಟ್ಟಳು. "ತಗಂಬಾ ಹೋಗು. ನೋಡೋಣು, ಬರ್ತಾವೋ ಇಲ್ಲೋ."

ಬಂದವು. ಬೊಮ್ಮಕ್ಕನ ಬಿಳಿ ಸೀರೆಯ ಹರಿದ ತುಂಡಿನಲ್ಲಿ ಎರಡನೆಯ ದಿನಕ್ಕೆ ಹೆಸರು ಬಾಲ ಬಿಟ್ಟಿತ್ತು. ಗೋಧಿ ಬಾಯಿ ತೆರೆದಿತ್ತು. ಜೋಳದ ತುದಿಯಲ್ಲಿ ಬೆಳ್ಳನೆಯ ಚುಕ್ಕೆ. ಏಳನೆಯ ದಿನ ಕೊಟ್ರಮ್ಮ ಸ್ನಾನಕ್ಕೆ ಹೋದಾಗ ಸುಮಾ ದೇವರ ಮನೆಯ ಪರದೆ ಎಳೆದುಕೊಂಡು, ಕೊಡದ ಸುತ್ತ ಬೆರಳಿನಿಂದ ಗೀರು ಎಳೆದು, ಒಂದೊಂದನ್ನೇ ಮಣ್ಣಿನಲ್ಲಿಟ್ಟಳು.

ಅಂದು ಸಂಜೆ ಸಿದ್ದರಾಮೇಶ್ ಚಹಾ ಕುಡಿಯುತ್ತಾ ತಗ್ಗಿದ ದನಿಯಲ್ಲಿ ಹೇಳಿದ: "ನೋಡು ಸುಮಾ, ನನಗೇನು ಆ ಬಳ್ಳಾರಿ ಹುಡುಗಿ ಮ್ಯಾಲೆ ಆಸಿ ಇಲ್ಲ. ಆದ್ರ ಅಮ್ಮನ ಮಾತು..."

"ಚಹಾ ಆರ್ತೈತೆ, ಕುಡೀರಿ" ಎಂದಳು ಸುಮಾ.

ಎಂಟನೆಯ ದಿನ ಬೆಳಿಗ್ಗೆ ಕೊಟ್ರಮ್ಮ ಎಂದಿನಂತೆ ಮಣೆ ಎಳೆದುಕೊಂಡು ಕೂತಳು. "ಎದ್ವೇನು?" ಎಂದಳು, ಉತ್ತರ ಗೊತ್ತಿದ್ದವಳ ಹಾಗೆ.

"ನೀವೇ ನೋಡಿ."

ಸುಮಾ ಪರದೆ ಪೂರ್ತಿ ಸರಿಸಿದಳು. ಕೊಡದ ಸುತ್ತ ಮಣ್ಣು ಬಿರಿದಿತ್ತು. ಬಗ್ಗಿದ ಕತ್ತಿನ ಹಾಗೆ ಹೆಸರಿನ ಸಸಿಗಳು ಎದ್ದಿದ್ದವು.

ಕೊಟ್ರಮ್ಮ ಎದ್ದು ನಿಂತು, ಹೊಸ್ತಿಲು ಹಿಡಿದು ಬಗ್ಗಿ ನೋಡಿದಳು. ಮತ್ತೆ ಕೂತಳು.

ಆ ಮಧ್ಯಾಹ್ನ ಅವಳು ಉಣ್ಣಲಿಲ್ಲ. "ಹಸಿವಿಲ್ಲ" ಎಂದಳು. ಸಂಜೆಗೂ ಉಣ್ಣಲಿಲ್ಲ. ಮಗ ಬಂದು ಕೇಳಿದರೆ "ಅಷ್ಟಮಿ, ಒಪ್ಪತ್ತು" ಎಂದಳು. ಒಂಬತ್ತನೆಯ ದಿನ ನೀರು ಮಾತ್ರ ಕುಡಿದಳು. ಬೆಳಿಗ್ಗೆಯಿಂದ ಹೊಸ್ತಿಲ ಮುಂದೆ ಕೂತು, ಬೆಳ್ಳಿ ಮುಖವನ್ನು ನೋಡುತ್ತಾ, ಕೆನ್ನೆ ಕೆನ್ನೆ ಬಡಿದುಕೊಂಡಳು. ಸಸಿಗಳು ಅಷ್ಟರಲ್ಲಿ ಎರಡು ಬೆರಳು ಎದ್ದಿದ್ದವು.

"ಏನಾತಮ್ಮ ನಿನಗ?" ಎಂದಳು ಉಷಾರಾಣಿ. "ಘಟ್ಟ ಎದ್ದಾವ, ತಡವಾಗಿ ಎದ್ದಾವ ಅಷ್ಟ. ಗಿಡ್ಡ ಅದಾವ. ಬಳ್ಳಾರಿಯೋರಿಗೆ ಏನು ಹೇಳ್ಲಿ?"

"ಬಾಯಿ ಮುಚ್ಚು" ಎಂದಳು ಕೊಟ್ರಮ್ಮ. "ಆ ಮಾತು ಇನ್ನ ಈ ಮನ್ಯಾಗ ತೆಗೀಬ್ಯಾಡ."

ಉಷಾರಾಣಿ ಹೋದ ಮೇಲೆ ಕೊಟ್ರಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಎರಡು ದಿನದಲ್ಲಿ ಕಣ್ಣು ಒಳಗಿಳಿದಿದ್ದವು.

"ಸುಮಾ. ಆ ಕಾಳು ಎಲ್ಲೀವು?"

"ಯಾವ ಕಾಳು ಅತ್ತೆ?"

"ಘಟ್ಟಕ್ಕ ಹಾಕಿದ್ದು."

"ನೀವು ಕೊಟ್ಟ ಡಬ್ಬೀವೇ. ಯಾಕೆ, ಏಳಬಾರ್ದಿತ್ತಾ?"

ಕೊಟ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಡಬ್ಬೀವೇ?"

"ಬೇರೆ ಎಲ್ಲಿಂದ ತರ್ಲಿ?"

ಸುಮಾ ಬೇಳೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಅತ್ತೆಯ ಹೆಜ್ಜೆಗಳು ತೂರಾಡುತ್ತಾ ದೇವರ ಮನೆಯ ಕಡೆಗೆ ಹೋಗುವುದನ್ನು ಕೇಳಿಸಿಕೊಂಡಳು. ಆಮೇಲೆ ಬೊಮ್ಮಕ್ಕನಿಗೆ ಊಟ ಒಯ್ದಾಗ ಬೊಮ್ಮಕ್ಕ ತಾಟು ಮುಟ್ಟದೆ ಕೇಳಿದಳು.

"ಎಷ್ಟು ದಿನ ಸಾಯಿಸ್ತೀ?"

"ಅವ್ರು ನನ್ನ ಎಷ್ಟು ದಿನ ಸಾಯಿಸಿದ್ರು? ನಿಮ್ಮನ್ನ ಇಪ್ಪತ್ತಾರು ವರ್ಷ. ನಿಮಗೇನು ಅವ್ರ ಮೇಲೆ ಕನಿಕರ?"

"ಕನಿಕರ ಎಲ್ಲೀದು. ಉಪಾಸ ಬಿದ್ದು ಸತ್ರ ದೇವಿ ಮುಟ್ಟಿ ಸತ್ಲು ಅಂತ ಊರೆಲ್ಲಾ ಕೈ ಮುಗೀತೈತಿ. ಅಷ್ಟು ದೊಡ್ಡ ಸಾವು ಆಕಿಗೆ ಯಾಕ ಕೊಡ್ತೀ?"

ವಿಜಯದಶಮಿಯ ಬೆಳಿಗ್ಗೆ ಘಟ್ಟ ಕಿತ್ತರು. ಬಿತ್ತಿದವಳೇ ಸಸಿ ಕಿತ್ತು ಮನೆಯವರಿಗೆ ಹಂಚಬೇಕು. ಹೆಂಗಸರು ಮುಡಿಗೆ, ಗಂಡಸರು ಕಿವಿಗೆ ಇಟ್ಟುಕೊಳ್ಳುತ್ತಾರೆ. ಕೊಟ್ರಮ್ಮ ಹಂಚುತ್ತಿದ್ದ ವರ್ಷಗಳಲ್ಲಿ ಬೊಮ್ಮಕ್ಕನ ಪಾಲು ಹಿಂದಿನ ಹೊಸ್ತಿಲ ಮೇಲೆ ಬೀಳುತ್ತಿತ್ತು.

ಸುಮಾ ಸಸಿಯ ತಾಟು ಹಿಡಿದು ನೇರವಾಗಿ ಹಿಂದಿನ ಪಡಸಾಲೆಗೆ ಹೋದಳು. ಬೊಮ್ಮಕ್ಕನ ಕೈ ಹಿಡಿದು ನಡುಮನೆಗೆ ಕರೆತಂದು ಕೂರಿಸಿ, ಅವಳ ಬಿಳಿ ತಲೆಗೆ ಮೊದಲ ಸಸಿ ಸಿಕ್ಕಿಸಿದಳು.

"ಇದೇನಿದು!" ಎಂದಳು ಉಷಾರಾಣಿ. "ಅಮ್ಮ, ನೋಡಾಕತ್ತೀಯೇನು?"

ಕೊಟ್ರಮ್ಮ ಗೋಡೆಗೆ ಒರಗಿ ಕೂತಿದ್ದಳು.

ಸಿದ್ದರಾಮೇಶ್ ಹಲ್ಲು ಬಿಟ್ಟು ಕಿವಿ ಮುಂದೊಡ್ಡಿದ. "ಎದ್ವು ನೋಡು. ನಾ ಹೇಳಿದ್ದಿಲ್ಲ?"

"ನೀವು ಏನೂ ಹೇಳ್ಲಿಲ್ಲ" ಎಂದಳು ಸುಮಾ. ಸಸಿಯನ್ನು ಅವನ ಕೈಗೆ ಕೊಟ್ಟಳು. "ನೀವೇ ಇಟ್ಕಳಿ."

ಉಷಾರಾಣಿಗೂ ಒಂದು ಕೈಗೆ ಕೊಟ್ಟಳು. ಕೊನೆಗೆ ಅತ್ತೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಕೊಟ್ರಮ್ಮ ಸೆರಗು ಒಡ್ಡಿದಳು. ಸುಮಾ ಸಸಿ ಇಟ್ಟಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಗದದ ಪೊಟ್ಟಣ ಬಿಚ್ಚಿ, ಅದರಲ್ಲಿದ್ದ ಏಳೆಂಟು ಕಾಳುಗಳನ್ನು ಸಸಿಯ ಮೇಲೆ ಸುರಿದಳು.

"ಇವೂ ನಿಮ್ಮವೇ ಅತ್ತೆ. ಡಬ್ಬಿ ತಳದಾಗೆ ಉಳಿದಿದ್ವು. ಏಳೋ ಕಾಳು ಬೇರೆ ಕಡೆ ನೆನೆಸಿದ್ವಿ" ಎಂದಳು, ಅತ್ತೆಗೆ ಮಾತ್ರ ಕೇಳುವ ಹಾಗೆ.

ಕೊಟ್ರಮ್ಮ ಸೆರಗಿನೊಳಗೆ ನೋಡಿದಳು. ಒಂದು ಹೆಸರುಕಾಳನ್ನು ಎರಡು ಬೆರಳಿನಲ್ಲಿ ಎತ್ತಿದಳು. ಸೊಸೆಯ ಮುಖ ನೋಡಿದಳು, ನಡುಮನೆಯಲ್ಲಿ ತಲೆಗೆ ಸಸಿ ಮುಡಿದು ಕೂತಿದ್ದ ನೆಗೆಣ್ಣಿಯನ್ನು ನೋಡಿದಳು. ಬೊಮ್ಮಕ್ಕ ಕಣ್ಣು ತಪ್ಪಿಸಲಿಲ್ಲ.

ಕೊಟ್ರಮ್ಮ ಕಾಳನ್ನು ಬಾಯಿಗೆ ಹಾಕಿಕೊಂಡು ಕಚ್ಚಿದಳು. ಕಟ್ ಎಂದ ಸದ್ದಿನ ಅರ್ಥ ಮೂರು ಹೆಂಗಸರಿಗೆ ಮಾತ್ರ ಗೊತ್ತಿತ್ತು.

"ಏನಮ್ಮ ಅದು ಬಾಯಾಗ?" ಎಂದಳು ಉಷಾರಾಣಿ.

"ಪ್ರಸಾದ" ಎಂದಳು ಕೊಟ್ರಮ್ಮ.

ಇನ್ನೊಂದು ಹಾಕಿಕೊಂಡಳು. ಎಲ್ಲ ಮುಗಿಯುವ ತನಕ ಒಂದೊಂದೇ ಅಗಿದಳು. ಹಾಗೆ ಅಗಿಯುತ್ತಾ ಅವಳ ಮುಖಕ್ಕೆ ಹಳೆಯ ಬಿಗಿ ಮರಳಿ ಬಂತು. ಸುಮಾ ಎದ್ದು ಬೀಜದ ಡಬ್ಬಿಯನ್ನು ತಂದು, ಬೊಮ್ಮಕ್ಕನ ಮಡಿಲಿಗೆ ಇಟ್ಟಳು.

"ಇನ್ನ ಇದು ದೊಡ್ಡತ್ತೆ ಹತ್ರ ಇರ್ಲಿ."

ಬೊಮ್ಮಕ್ಕ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಳು. ಸುಮಾ ಅಡುಗೆ ಮನೆಗೆ ಹೋಗಿ ಬಾಣಲೆ ಇಟ್ಟಳು. ಹತ್ತು ದಿನದ ಮೇಲೆ ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು. ಹೊರಗಿನಿಂದ ಅತ್ತೆಯ ದನಿ ಬಂತು, ಮೊದಲಿನ ಹಾಗೆಯೇ ಗಡುಸಾಗಿ:

"ಒಗ್ಗರಣಿ ಸೀಯಾಕತ್ತೈತಿ, ಮೂಗು ಇಲ್ಲೇನು? ತಾಟು ಹಾಕು. ಮೂರು ದಿನ ಆತು ಉಂಡು."

"ಬನ್ನಿ" ಎಂದಳು ಸುಮಾ. "ಇಕ್ತೀನಿ."